ಕನ್ನಡಿಯಲ್ಲಿ ಕಂಡ ಮುಖ

ಕನ್ನಡಿ ನೋಡಿ ಬರೆದ ಸ್ವಂತ ಚಿತ್ರ ನಿಮಗೆ ಸರಿಯೆನಿಸಿದರೂ ಮನೆಯವರು ‘ಇದು ನೀನಲ್ಲ’ ಎನ್ನುತ್ತಾರೆ, ಫೋಟೊ ನೋಡಿ ಬರೆಯಲೇ ಎಂದು ಕೇಳಿದ್ದೀರಿ. ದಯವಿಟ್ಟು ಕನ್ನಡಿಯನ್ನು ಬಿಡಬೇಡಿ. ಅದರಲ್ಲಿ ಎಡಬಲ ಅದಲುಬದಲಾಗಿ ಬೈತಲೆ, ಮಚ್ಚೆ ಎಲ್ಲವೂ ಆಚೆ ಬದಿಗೆ ಹೋಗುತ್ತವೆ. ನಿಮಗೆ ಆ ಮುಖವೇ ರೂಢಿ, ಮನೆಯವರಿಗಲ್ಲ.

ಡಚ್ ಚಿತ್ರಕಾರ ವ್ಯಾನ್ ಗೋ ಕೊಯ್ದುಕೊಂಡದ್ದು ತನ್ನ ಎಡಗಿವಿ. 1889ರ ಸ್ವಂತ ಚಿತ್ರದಲ್ಲಿ ಗಾಯದ ಪಟ್ಟಿ ಕಾಣುವುದು ಬಲಗಿವಿಗೆ. ಕನ್ನಡಿ ತೋರಿಸಿದ್ದನ್ನೇ ಬರೆದ. ಮಾದರಿಗೆ ಕೂರುವವರಿಗೆ ಕೊಡಲು ಹಣವಿಲ್ಲದೆ ಪ್ಯಾರಿಸ್ಸಿನಲ್ಲಿ ತನ್ನ ಮುಖವನ್ನೇ ಮತ್ತೆ ಮತ್ತೆ ಬರೆದವನು ಅವನು. ಹದಿನೇಳನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಹರೆಯದಲ್ಲಿ ಬೆಚ್ಚಿದಂತೆ, ನಕ್ಕಂತೆ, ಸಿಡುಕಿದಂತೆ ಮುಖ ಮಾಡಿಕೊಂಡು ತನ್ನನ್ನೇ ಅಭ್ಯಾಸ ಮಾಡಿದ. ಮುಪ್ಪಿನ ಚಿತ್ರಗಳಲ್ಲಿ ಜೋತುಬಿದ್ದ ಕೆನ್ನೆಯನ್ನೂ ಮುಚ್ಚಿಡಲಿಲ್ಲ. ನನಗೆ ಅವೇ ಹೆಚ್ಚು ಪ್ರಿಯ. ಮೆಕ್ಸಿಕೊದ ಚಿತ್ರಕಲಾವಿದೆ ಫ್ರಿಡಾ ಕಾಹ್ಲೋ 1925ರ ಬಸ್ ಅಪಘಾತದ ನಂತರ ಹಾಸಿಗೆಯ ಮೇಲ್ಗಡೆ ಕನ್ನಡಿ ಕಟ್ಟಿಸಿಕೊಂಡು ಮಲಗಿದಲ್ಲೇ ಬರೆದಳು.

ನೀವೂ ಹಾಸನದವರೇ ಎಂದಿದ್ದೀರಿ. ಒಮ್ಮೆ ಬೇಲೂರಿಗೆ ಹೋಗಿ ದರ್ಪಣ ಸುಂದರಿಯ ಮುಂದೆ ನಿಧಾನವಾಗಿ ನಿಲ್ಲಿ. ಕನ್ನಡಿ ಹಿಡಿದ ಕೈ, ಕತ್ತಿನ ಬಾಗು ಎರಡನ್ನೂ ಪೆನ್ಸಿಲ್ಲಿನಲ್ಲಿ ಗುರುತಿಸಿಕೊಳ್ಳಿ. ಮನೆಯಲ್ಲಿ ಎರಡು ಕನ್ನಡಿಗಳನ್ನು ಲಂಬಕೋನದಲ್ಲಿ ಜೋಡಿಸಿ ಮೂಲೆಯತ್ತ ನೋಡಿದರೆ, ಮನೆಯವರು ಕಾಣುವ ಮುಖವೇ ನಿಮಗೂ ಕಾಣುತ್ತದೆ. ಬೆಳಕು ಕಿಟಕಿಯ ಒಂದೇ ಬದಿಯಿಂದ ಬರಲಿ.