ಮಚ್ಚಿನ ಮುಂದೆ ಮಾಲೀಕರ ಹಣ

ಪ್ರಶ್ನೆ: ದಾವಣಗೆರೆ ಎಪಿಎಂಸಿಯ ದಲ್ಲಾಳಿ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದೇನೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಲೆಕ್ಕ ಮುಗಿಯುವಾಗ ರಾತ್ರಿ ಹತ್ತಾಗುತ್ತದೆ. ಆಮೇಲೆ ವಸೂಲಿ ಹಣವನ್ನು ಬೈಕಿನಲ್ಲಿ ಮಾಲೀಕರ ಮನೆಗೆ ತಲುಪಿಸಬೇಕು. ಹೋದ ವಾರ ಇಬ್ಬರು ಅಡ್ಡಗಟ್ಟಿ ಮಚ್ಚು ತೋರಿಸಿ ಚೀಲ ಕೇಳಿದರು; ಅಷ್ಟರಲ್ಲಿ ಲಾರಿಯೊಂದು ಬಂದದ್ದರಿಂದ ಪರಾರಿಯಾದರು. ಏನೂ ಕಳೆದುಹೋಗದ ಕಾರಣ ದೂರು ಕೊಡಲಿಲ್ಲ. ಭಾಮೈದ ಚಾಕು ಇಟ್ಟುಕೊಳ್ಳಲು ಹೇಳುತ್ತಾನೆ. ಹಣ ಕೊಟ್ಟುಬಿಟ್ಟರೆ ನನ್ನ ಮೇಲೆಯೇ ಅನುಮಾನ ಬರುತ್ತದೆಂಬ ಭಯ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮಚ್ಚಲ್ಲ, ಅನುಮಾನದ ಭಯ. ತನ್ನ ಸ್ವಂತ ಹಣವಾದರೆ ತೆಗೆದುಕೊಂಡು ಹೋಗಲಿ ಎನ್ನುವ ಮನುಷ್ಯನೇ ಯಜಮಾನರ ಹಣವಾದಾಗ ಚೀಲವನ್ನು ಎದೆಗವಚಿಕೊಂಡು ನಿಂತುಬಿಡುತ್ತಾನೆ, ಏಟು ಬೀಳುವುದು ಆಗಲೇ. ಆದ್ದರಿಂದ ಮೊದಲು ಮಾಲೀಕರೊಡನೆ ಕುಳಿತು ಮಾತನಾಡಿ. ವಸೂಲಿಯನ್ನು ಆದಷ್ಟು ಖಾತೆಗೇ ಹಾಕಿಸಿಕೊಳ್ಳುವುದು, ನಗದನ್ನು ಹಗಲಿನಲ್ಲೇ ಬ್ಯಾಂಕಿಗೆ ಕಟ್ಟುವುದು, ಉಳಿದದ್ದನ್ನು ಮಂಡಿಯ ತಿಜೋರಿಯಲ್ಲಿ ಬಿಡುವುದು, ಒಯ್ಯಲೇಬೇಕಾದರೆ ಇಬ್ಬರು ಹೋಗುವುದು, ಹೊತ್ತನ್ನೂ ದಾರಿಯನ್ನೂ ಬದಲಿಸುತ್ತಿರುವುದು ಸಾಧ್ಯವಿದೆ. ಸಾಗಿಸುವ ನಗದಿಗೂ ವಿಮೆ ಸಿಗುತ್ತದೆ. 'ಆಯುಧ ತೋರಿಸಿದರೆ ಹಣ ಕೊಟ್ಟು ಬಾ' ಎಂಬ ಮಾತು ಮಾಲೀಕರ ಬಾಯಿಂದಲೇ, ಉಳಿದ ನೌಕರರ ಎದುರಿಗೇ ಬರಬೇಕು. ಅದನ್ನು ಕೇಳಲು ಸಂಕೋಚಪಡಬೇಡಿ.

ಚಾಕು ಬೇಡ. ನೀವು ಜೇಬಿನಿಂದ ಅದನ್ನು ತೆಗೆದು ಬಿಚ್ಚುವಷ್ಟರಲ್ಲಿ ಎದುರಿನವನ ಮಚ್ಚು ಬೀಸಿಯಾಗಿರುತ್ತದೆ, ಮಚ್ಚಿನ ಉದ್ದದ ಮುಂದೆ ಚಾಕು ನಿಲ್ಲುವುದೂ ಇಲ್ಲ. ಪೆಪ್ಪರ್ ಸ್ಪ್ರೇ ಕೈಗೆ ತಕ್ಷಣ ಸಿಗುವಂತಿದ್ದರೆ ಓಡಲು ಒಂದೆರಡು ಕ್ಷಣ ದೊರೆತೀತು, ಆದರೆ ಎದುರುಗಾಳಿಯಲ್ಲಿ ಅದು ನಿಮ್ಮ ಕಣ್ಣಿಗೇ ಬೀಳುತ್ತದೆ.

ಚೀಲದ ಪಟ್ಟಿಯನ್ನು ಕೊರಳಿಗೆ ಅಡ್ಡಲಾಗಿ ಹಾಕಿಕೊಳ್ಳಬೇಡಿ. ಓಡುವ ಬೈಕಿನಿಂದ ಎಳೆದರೆ ಚೀಲದೊಂದಿಗೆ ನೀವೂ ರಸ್ತೆಗೆ ಬೀಳುತ್ತೀರಿ. ಅಡ್ಡಗಟ್ಟಿದಾಗ ಎರಡೂ ಅಂಗೈಗಳು ಕಾಣುವಂತೆ ಎದೆಮಟ್ಟಕ್ಕೆ ಎತ್ತಿ, 'ಕೊಡ್ತೀನಪ್ಪ, ತಗೊಳ್ಳಿ' ಎಂದು ಹೇಳುತ್ತಾ, ಬೈಕು ನಿಮ್ಮ ಮತ್ತು ಅವರ ನಡುವೆ ಉಳಿಯುವ ಹಾಗೆ ಇಳಿಯಿರಿ. ಚೀಲವನ್ನು ಕೈಗೆ ಕೊಡಲು ಹತ್ತಿರ ಹೋಗದೆ ಅವರ ಬದಿಗೆ ಎಸೆದು, ಬೆಳಕೂ ಜನರೂ ಇರುವ ಕಡೆಗೆ ಓಡಿ. ಹಣ ಸಿಕ್ಕ ಮೇಲೂ ನಿಮ್ಮನ್ನು ಬೈಪಾಸಿನ ಕತ್ತಲೆಗೋ ಬೇರೆಲ್ಲಿಗೋ ಎಳೆದೊಯ್ಯಲು ನೋಡಿದರೆ ಮಾತ್ರ ಕೂಗಿ, ಕಚ್ಚಿ, ಒದ್ದು, ಹೇಗಾದರೂ ಬಿಡಿಸಿಕೊಳ್ಳಬೇಕು. ಮೈಯನ್ನೂ ಸ್ವತ್ತನ್ನೂ ರಕ್ಷಿಸಿಕೊಳ್ಳುವ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ 35ನೆಯ ಕಲಂ ಕೊಟ್ಟಿದೆ. ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂದು 37ನೆಯ ಕಲಂ ಮಿತಿ ಹಾಕಿದೆ. ಸಿಕ್ಕಿಬಿದ್ದವನನ್ನು ಕಂಬಕ್ಕೆ ಕಟ್ಟಿ ಹೊಡೆಯುವುದು ಆತ್ಮರಕ್ಷಣೆಯಲ್ಲ.

ಸುರಕ್ಷಿತ ಜಾಗ ಸೇರಿದೊಡನೆ 112ಕ್ಕೆ ಕರೆ ಮಾಡಿ. ಹೆಲ್ಮೆಟ್ಟಿನೊಳಗಿನ ಮುಖ ಕಾಣದಿದ್ದರೂ ಚಪ್ಪಲಿ, ಕೈಮೇಲಿನ ಹಚ್ಚೆ, ಮಾತಿನ ಧಾಟಿ, ಬೈಕಿನ ಬಣ್ಣ ನೆನಪಿಟ್ಟುಕೊಳ್ಳಬಹುದು. ಅಂಗಿ ಬದಲಿಸಿದವನೂ ಚಪ್ಪಲಿ ಬದಲಿಸದೆ ಇರಬಹುದು ಎಂಬುದು ನೆನಪಿರಲಿ.

ಇನ್ನು, ದೂರು ಕೊಡದೆ ಬಿಟ್ಟದ್ದು ಸರಿಯಲ್ಲ. ಮಾರಕಾಯುಧ ಹಿಡಿದು ಸುಲಿಗೆಗೆ ಯತ್ನಿಸಿದರೂ ಅದೇ ಸಂಹಿತೆಯ 312ನೆಯ ಕಲಮಿನಡಿ ಕನಿಷ್ಠ 7 ವರ್ಷ ಜೈಲು ಶಿಕ್ಷೆಯಿದೆ. ಒಂದು ರೂಪಾಯಿಯೂ ಹೋಗಿರಬೇಕಾಗಿಲ್ಲ. ಘಟನೆ ಯಾವ ಸರಹದ್ದಿನಲ್ಲಿ ನಡೆದರೂ ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು, ಎಫ್‌ಐಆರ್ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು. ಅನುಮಾನದ ಭಯವಿರುವ ನಿಮಗೆ ಆ ಕಾಗದ ಬಹಳ ಮುಖ್ಯ. ನೀವು ಹಣ ಒಯ್ಯುವ ಹೊತ್ತು ಅವರಿಗೆ ಗೊತ್ತಿತ್ತೆಂದು ತೋರುತ್ತದೆ, ಅದನ್ನೂ ಪೊಲೀಸರಿಗೆ ಹೇಳಿ. ನಾಳೆ ಬೆಳಿಗ್ಗೆ ಮಂಡಿಗೆ ಹೋಗುವ ಮೊದಲೇ ಠಾಣೆಗೆ ಹೋಗಿ. ದಾರಿಯ ಅಂಗಡಿಗಳ ಸಿಸಿಟಿವಿಯಲ್ಲಿ ಹಳೆಯ ದೃಶ್ಯಗಳ ಮೇಲೆ ಹೊಸವು ದಾಖಲಾಗುತ್ತಿರುತ್ತವೆ, ಹೋದ ವಾರದ್ದು ಇನ್ನೂ ಉಳಿದಿರಬಹುದು.