ಅವರೆ ಬಳ್ಳಿ ಟೆರೇಸ್ ತುಂಬಾ ಹಬ್ಬಿದೆ, ಹೂವೇ ಬಿಡ್ತಿಲ್ಲ. ಯಾವ ಗೊಬ್ಬರ ಹಾಕಲಿ? ಇಲ್ಲಾ, ಕಿತ್ತು ಟೊಮೆಟೊ ಹಾಕಿಬಿಡಲಾ?

ಯಾವ ಗೊಬ್ಬರವೂ ಬೇಡ. ಕೊನೆಯಲ್ಲಿ "ಕಿತ್ತು ಟೊಮೆಟೊ ಹಾಕಿಬಿಡಲಾ" ಅಂತ ಕೇಳಿದ್ದೀರಲ್ಲ, ಅದಂತೂ ಬೇಡವೇ ಬೇಡ. ಶಿವರಾತ್ರಿ ಹೊತ್ತಿಗೆ ಬೀಜ ಊರಿದ್ದೀರಿ, ಈಗ ಜುಲೈ, ಕೈಯಗಲ ಎಲೆ, ಒಂದೂ ಮೊಗ್ಗಿಲ್ಲ. ಹೆಸರೊಂದು ಬದಲಾಯಿಸಿದರೆ ಇದು ನನ್ನದೇ ಕಥೆ.

ನಮ್ಮದು ಬೆಂಗಳೂರಿನ ಹನುಮಂತನಗರದಲ್ಲಿ ಬಾಡಿಗೆ ಮನೆ, ಮೇಲಿನ ಟೆರೇಸ್ ನಮಗೇ ಬಿಟ್ಟಿದ್ದರು. ಸಂಕ್ರಾಂತಿಗೆ ತಂದ ಸೊಗಡವರೆಯಲ್ಲಿ, ಅಂದರೆ ಘಮದ ನಾಟಿ ಅವರೆಯಲ್ಲಿ, ಕಾಯಲ್ಲೇ ಬಲಿತು ಒಣಗಿದ ಕಾಳುಗಳನ್ನು ಅಮ್ಮ ಎತ್ತಿಟ್ಟಿದ್ದರು. ಪೇಂಟ್ ಬಕೆಟ್‌ಗಳಿಗೆ ತೂತು ಕೊರೆದು, ಕೆಂಪುಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕೊಟ್ಟಿಗೆ ಗೊಬ್ಬರ ಕಲಸಿ ಊರಿದೆ. ಎಲ್ಲವೂ ಹುಟ್ಟಿದವು. ಹೆಚ್ಚಾದ ಒಂದೆರಡು ಸಸಿಯನ್ನು ಪಕ್ಕದ ಮನೆ ಆಂಟಿಗೆ ಕೊಟ್ಟೆ. ಅವರು ಕಾಂಪೌಂಡ್ ಮೂಲೆಯಲ್ಲಿ ನೆಟ್ಟು ಮರೆತೇಬಿಟ್ಟರು.

ಮೇ ತಿಂಗಳ ಮಳೆ ಬಿದ್ದದ್ದೇ ತಡ, ನನ್ನ ಬಳ್ಳಿ ಬಟ್ಟೆ ಒಣಹಾಕೋ ತಂತಿ ಹಿಡಿದು ಸಿಂಟೆಕ್ಸ್ ಮೇಲೆ ಹತ್ತಿತು, ಅಲ್ಲಿಂದ ಡಿಶ್ ಆಂಟೆನಾಗೆ. ಟಿವಿ ಬರ್ತಿಲ್ಲ ಅಂತ ಮನೆಯಲ್ಲಿ ಗಲಾಟೆ. ಹೂ ಮಾತ್ರ ಇಲ್ಲ. ಗಿಡಕ್ಕೆ ಹಸಿವಾಗಿದೆ ಅಂದುಕೊಂಡೆ ನಾನು. ಕಡಲೆಹಿಂಡಿ ನೆನೆಸಿದ ನೀರು ಹಾಕಿದೆ, ಇನ್ನಷ್ಟು ಎಲೆ ಬಂತು. ಬೇವಿನ ಹಿಂಡಿ ಹಾಕಿದೆ, ಮತ್ತಷ್ಟು ಎಲೆ. ಬರದೆ ಏನು ಮಾಡೀತು? ಅವರೆ ದ್ವಿದಳ ಧಾನ್ಯದ ಗಿಡ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯಿಂದಲೇ ಸಾರಜನಕ ಹಿಡಿದು ಕೊಡುತ್ತವೆ. ಅದರ ಮೇಲೆ ನಾನು ಸಾರಜನಕವಿರೋ ಹಿಂಡಿ ಸುರಿದರೆ ಅದು ಎಲೆಗೇ ಹೋಗೋದು. ಆಮೇಲೆ ಹೂ ಬಿಡಿಸುವ ಟಾನಿಕ್ ಅಂತ ಒಂದು ಬಾಟಲಿ ತಂದು ಹೊಡೆದೆ. ದುಡ್ಡು ನೀರಲ್ಲಿ ಹೋಮ ಆಯ್ತು. ಕಡೆಗೆ ಗೌರಿ ಹಬ್ಬಕ್ಕೆ ಟೆರೇಸ್ ತೊಳೀಬೇಕು ಅನ್ನೋ ನೆಪದಲ್ಲಿ ಅಷ್ಟನ್ನೂ ಬುಡಸಮೇತ ಕಿತ್ತೆಸೆದೆ.

ಡಿಸೆಂಬರ್‌ನಲ್ಲಿ ಆಂಟಿ ಚೀಲ ಹಿಡಿದು ಬಂದರು. "ತಗೋಪ್ಪ, ನೀನು ಕೊಟ್ಟ ಗಿಡಾನೇ. ಕಿತ್ತೂ ಕಿತ್ತೂ ಸಾಕಾಯ್ತು, ಮುಗೀತಾನೇ ಇಲ್ಲ." ಅದೇ ಕಾಳು, ಅದೇ ಸಸಿ! ಅವರು ಒಂದು ಹಿಡಿ ಗೊಬ್ಬರ ಹಾಕಿರಲಿಲ್ಲ. ಚೀಲ ಬಿಚ್ಚಿದರೆ ಕೋಣೆಯೆಲ್ಲ ಘಮ. ಸೊಗಡಿನ ಜಿಡ್ಡು ಬೆರಳಿಗೆ ಅಂಟಿ, ಸೋಪು ಹಾಕಿದರೂ ಹೋಗಲಿಲ್ಲ. ಹೊಟ್ಟೆ ಉರಿಯಿತು, ಆದರೂ ಹಿತಕಿದ ಬೇಳೆ ಸಾರು ಮಾಡಿಸಿಕೊಂಡು ತಿಂದೆ.

ಕಾರಣ ಗೊತ್ತಾಗಿದ್ದು ಇನ್ನೂ ಆಮೇಲೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋಗಿದ್ದರೆ ನೋಡಿರುತ್ತೀರಿ, ಸೇವಂತಿಗೆ ಹೊಲಗಳಲ್ಲಿ ಸಾಲುಸಾಲಾಗಿ ಬಲ್ಬ್ ಉರಿಯುತ್ತಿರುತ್ತವೆ. ಯಾಕೆ ಅಂತ ಟೀ ಅಂಗಡಿಯಲ್ಲಿ ಬೆಳೆಗಾರರೊಬ್ಬರನ್ನು ಕೇಳಿದೆ. "ಕತ್ತಲು ಕೊಟ್ರೆ ಗಿಡ ಚಿಕ್ಕದಿರುವಾಗಲೇ ಮೊಗ್ಗಿಗೆ ಬಂದ್ಬಿಡ್ತದೆ ಸಾರ್, ಅದಕ್ಕೇ ಬೆಳಕು" ಅಂದರು. ತಲೆಗೆ ಹೊಳೆದದ್ದು ಆಗ. ನಮ್ಮ ನಾಟಿ ಅವರೆಯೂ ಇದೇ ಥರದ್ದು: ರಾತ್ರಿ ಉದ್ದವಾಗದೆ ಮೊಗ್ಗು ಕಟ್ಟೋದಿಲ್ಲ. ಬೆಂಗಳೂರಿನಲ್ಲಿ ಜೂನ್‌ನ ಅತಿ ಉದ್ದದ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್‌ನ ಅತಿ ಚಿಕ್ಕದು ಸುಮಾರು 11 ಗಂಟೆ 20 ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆ, ನಮ್ಮ ಗಮನಕ್ಕೂ ಬರೋದಿಲ್ಲ. ಗಿಡಕ್ಕೆ ಗೊತ್ತಾಗುತ್ತೆ. ಫೆಬ್ರವರಿಯಲ್ಲೂ ಹಗಲು ಚಿಕ್ಕದೇ, ಆದರೆ ಆಗ ಅದಿನ್ನೂ ಸಸಿ. ಅದು ಹೂವಿಗೆ ಸಿದ್ಧವಾಗೋ ಹೊತ್ತಿಗೆ ಹಗಲು ಬೆಳೆದಿರುತ್ತೆ. ಇನ್ನು ಕಾಯೋದೊಂದೇ ದಾರಿ, ಕಾಯುತ್ತಾ ಎಲೆ ಬಿಡುತ್ತೆ. ನಾನು ಕಿತ್ತದ್ದು ಸರಿಯಾಗಿ ಅದರ ಕಾಲ ಬರುವ ಮುಂಚೆ.

ಆದ್ದರಿಂದ ನಿಮ್ಮ ಬಳ್ಳಿಗೆ ಏನೂ ಕೊರತೆಯಿಲ್ಲ, ನೀವು ಕೇಳಬೇಕಾದದ್ದು ಗೊಬ್ಬರದ ಪ್ರಶ್ನೆಯೇ ಅಲ್ಲ. ಈಗ ಕುಡಿ ಚಿವುಟಿ, ಕವಲೊಡೆಯಲಿ. ಆಷಾಢದ ಗಾಳಿಗೆ ಚಪ್ಪರ ಬೀಳದ ಹಾಗೆ ಬಿಗಿಯಾಗಿ ಕಟ್ಟಿ. ಇಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಷ್ಟರೊಳಗೆ ಬಕೆಟ್ಟಿನ ತೂತುಗಳಿಗೆ ಕಡ್ಡಿ ಹಾಕಿ ನೋಡಿ, ಬೇರು ಕಟ್ಟಿಕೊಂಡಿರುತ್ತೆ. ಟೊಮೆಟೊ ಈ ಜಡಿಮಳೆಯಲ್ಲಿ ಹಾಕಿದರೆ ಎಲೆಯೆಲ್ಲ ಅಂಗಮಾರಿ ರೋಗಕ್ಕೆ ಹೋಗುತ್ತೆ, ಮಳೆ ನಿಂತ ಮೇಲೆ ನೋಡಿ.

ಮುಂದಿನ ಸಲ ನಾಟಿ ಅವರೆಯನ್ನು ಜುಲೈ, ಆಗಸ್ಟ್‌ನಲ್ಲೇ ಊರಿ. ಬೇಸಿಗೆಯಲ್ಲೂ ಅವರೆ ಬೇಕೇ ಬೇಕು ಅಂತಿದ್ದರೆ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿವೆ, ಎಚ್‌ಎ-3, ಎಚ್‌ಎ-4. ಗಿಡ್ಡ ಗಿಡ, ಹಗಲಿನ ಲೆಕ್ಕ ನೋಡದೆ ಹೂ ಬಿಡುತ್ತೆ. ಸೊಗಡಿನಲ್ಲಿ ನಾಟಿಯ ಸಮಕ್ಕೆ ಬರೋದಿಲ್ಲ ಅನ್ನೋದು ನನ್ನ ಅಭಿಪ್ರಾಯ, ಒಪ್ಪದವರು ಇದ್ದಾರೆ. ಬೇಸಿಗೆಗೆ ಹರಿವೆ, ಬಸಳೆ, ಬೆಂಡೆ ಸಾಕು ಅಂತೀನಿ ನಾನು. ಅದಕ್ಕೂ ಅಕ್ಕಿ, ತರಕಾರಿ ತೊಳೆದ ನೀರೇ ಹಾಕಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂದಾಗಿನಿಂದ ನಮ್ಮ ಮನೆ ಸಿಂಕ್ ಕೆಳಗೆ ಒಂದು ಬಕೆಟ್ ಖಾಯಂ.

ಮಳೆ ಕಡಿಮೆಯಾದ ಮೇಲೆ ಒಂದು ಬೆಳಗ್ಗೆ ಎಲೆಗಳಿಗಿಂತ ಮೇಲೆ ನೆಟ್ಟಗೆ ಹೂಗೊನೆ ಎದ್ದಿರುತ್ತೆ, ಬುಡದಿಂದ ತುದಿಗೆ ಒಂದೊಂದಾಗಿ ಹೂ ಬಿಚ್ಚುತ್ತಾ ಹೋಗುತ್ತೆ. ಅದನ್ನು ನೋಡೋಕೇ ಕಾಫಿ ಲೋಟ ಹಿಡಿದು ಮೇಲೆ ಹೋಗ್ತೀನಿ ನಾನು. ಅದರ ಹಿಂದೆಯೇ ಗಿಡದ ರಸ ಹೀರೋ ಕಪ್ಪು ಸಸ್ಯಹೇನೂ ಬರುತ್ತೆ, ಎಳೆ ಗೊನೆಗೆ ಮೆತ್ತಿಕೊಂಡು ಕೂರುತ್ತೆ. ಮೊದಲು ಪೈಪಿನಿಂದ ಜೋರಾಗಿ ನೀರು ಹೊಡೆದು ಉದುರಿಸಿ. ಬಗ್ಗದಿದ್ದರೆ ಬೇವಿನೆಣ್ಣೆಗೆ ಚೂರು ಸೋಪಿನ ನೀರು ಸೇರಿಸಿ ಸಂಜೆ ಹೊಡೀರಿ, ಬೆಳಗ್ಗೆ ಹೊಡೆದರೆ ಹೂವಿಗೆ ಬರೋ ಜೇನಿಗೆ ತೊಂದರೆ.