ಬೀದರ್ ಟ್ರೇನದಾಗ ಭೇಟಿ ಆದ್ವಿ, ನಮ್ಮ ತೊಗರಿ ಹೊಲದಾಗ ಮಾತಾಯ್ತು

ನೀವು ಕೇಳಿದ್ದು, ಪ್ರೀತಿ ಮಾಡಿ ಲಗ್ನ ಆದವರು ಒಬ್ಬರಿಗೊಬ್ಬರು ಹ್ಯಾಂಗ ಸಿಕ್ರಿ, ಇವರೇ ಅಂತ ಯಾವಾಗ ಗೊತ್ತಾಯ್ತು, ಎಂಗೇಜ್ಮೆಂಟ್ ತನಕ ಹ್ಯಾಂಗ ಬಂತು ಅಂತ. ನಮ್ಮದು ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ.

ನಾನು ಬೀದರದಾಗ ಒಂದು ದವಾಖಾನಿದಾಗ ಲ್ಯಾಬ್ ಟೆಕ್ನಿಷಿಯನ್, ನಮ್ಮೂರು ಕಲಬುರಗಿ ಜಿಲ್ಲಾದ ಕಮಲಾಪುರದ ಹತ್ರ ಒಂದು ಹಳ್ಳಿ. 2017 ಅಕ್ಟೋಬರ್‌ದಾಗ ಬೀದರ್-ಕಲಬುರಗಿ ರೈಲು ಶುರು ಆಗೋ ತನಕ ಊರಿಗಿ ಹೋಗಬೇಕಂದ್ರ ಬಸ್ಸೇ ಗತಿ ಇತ್ತು, ಸೀಟ್ ಸಿಗದಿದ್ರ ನಿಂತೇ ಹೋಗಬೇಕು. 110 ಕಿಲೋಮೀಟರ್ ಲೈನ್ ಅದು, ನಾವು ಸಣ್ಣವರಿದ್ದಾಗಿಂದ ಬರ್ತದ ಬರ್ತದ ಅಂತ ಕೇಳ್ಕೋತ ಬೆಳದೀವಿ. ಶುರು ಆದಮ್ಯಾಲ ನಾ ಪ್ರತಿ ಶನಿವಾರ ಅದರಾಗೇ ಊರಿಗಿ ಹೋಗ್ತಿದ್ದೆ, ಕಮಲಾಪುರದಾಗ ಇಳದ್ರ ಅಪ್ಪ ಗಾಡಿ ತೊಗೊಂಡು ನಿಂತಿರ್ತಿದ್ದ.

2019ರಾಗ ಒಂದು ಶನಿವಾರ ಎದುರು ಸೀಟಿನ್ಯಾಗ ಒಬ್ಬರು ತೊಡಿ ಮ್ಯಾಲ ಉತ್ತರ ಪತ್ರಿಕಿ ಇಟ್ಕೊಂಡು ಕರೆಕ್ಷನ್ ಮಾಡ್ಲತ್ತಿದ್ರು. ಮರಗುತ್ತಿ ಸುರಂಗ ಗೊತ್ತಿದ್ದವರಿಗಿ ಗೊತ್ತು, ಒಂದೂವರೆ ಕಿಲೋಮೀಟರಿಗಿಂತ ಉದ್ದ ಅದ, ಆವತ್ತ ನಮ್ಮ ಡಬ್ಬಿದಾಗ ಲೈಟ್ ಹತ್ತಲಿಲ್ಲ, ಪೂರಾ ಕತ್ತಲ, ಗಾಡಿ ಒಂದ್ ಸಲ ಜಗ್ಗಿದ್ದಕ್ಕ ಆ ಪೇಪರ್ ಎಲ್ಲಾ ಕೆಳಗ ಬಿದ್ವು. ನಾ ಮೊಬೈಲ್ ಟಾರ್ಚ್ ಹಚ್ಚಿದೆ. "ಮೇಡಮ್, ನಿಮ್ಮ ಕಾಲ ಹತ್ರ ನನ್ನ ಎಂಟನೇ ಕ್ಲಾಸ್ ಬಿದ್ದದ, ಸ್ವಲ್ಪ ಎತ್ತಿ ಕೊಡ್ರಿ" ಅಂದ್ರು. ಸರ್ಕಾರಿ ಸಾಲಿ ಗಣಿತ ಮಾಸ್ತರು, ಅಪ್ಪ ಅವ್ವ ಕಲಬುರಗಿದಾಗ. ಎತ್ತಿ ಕೊಡೋವಾಗ ಒಂದು ಪೇಪರ್ ನೋಡಿದೆ, ಲೆಕ್ಕದ ಉತ್ತರ ತಪ್ಪು ಅದ ಆದ್ರ ಮಾರ್ಕ್ಸ್ ಕೊಟ್ಟಾರ. ಯಾಕ್ರಿ ಅಂತ ಕೇಳಿದೆ. "ಸ್ಟೆಪ್ಸ್ ಸರಿ ಅವ, ಕಡೀಕ ಒಂದ್ ಕಡೆ ಕೂಡ್ಸೋದ್ರಾಗ ತಪ್ಪ್ಯಾನ, ಅಷ್ಟಕ್ಕ ಪೂರಾ ಸೊನ್ನಿ ಹಾಕಿದ್ರ ಹುಡುಗ ಮುಂದ ಪೆನ್ನೇ ಹಿಡಿಯಂಗಿಲ್ಲ" ಅಂದ್ರು. ಈ ಮನುಷ್ಯ ಛಲೋ ಇದ್ದಾರ ಅಂತ ಅವತ್ತೇ ಅನಿಸ್ತು, ಪ್ರೀತಿ ಗೀತಿ ಅಲ್ಲ, ಬರೇ ಛಲೋ ಅನಿಸ್ತು.

ಆಮ್ಯಾಲ ಶನಿವಾರ ಶನಿವಾರ ಸಿಗ್ತಿದ್ರು. ಸೋಮವಾರ ವಾಪಸ್ ಬರೋವಾಗ ನಾ ಊರಿಂದ ಕೆಂಪು ಬಾಳಿಹಣ್ಣು ತರ್ತಿದ್ದೆ, ನಮ್ಮ ಕಮಲಾಪುರದ್ದು, ಬ್ಯಾರೆ ಬಾಳಿಗಿಂತ ಗೊನಿ ಬರ್ಲಕ್ಕ ಭಾಳ ತಿಂಗಳು ಹಿಡೀತದ ಆದ್ರ ಆ ರುಚಿ ಮತ್ತೊಂದಕ್ಕ ಇಲ್ಲ. ಎರಡು ಹಣ್ಣು ಅವರಿಗಿ ಅಂತ ತೆಗೆದಿಡೋದು ಯಾವಾಗ ರೂಢಿ ಆಯ್ತೋ ನೆನಪಿಲ್ಲ.

2020 ಮಾರ್ಚ್‌ದಾಗ ದೇಶದ ಮೊದಲ ಕರೋನಾ ಸಾವು ನಮ್ಮ ಕಲಬುರಗಿದಾಗೇ ಆಯ್ತಲ್ಲ, ಅದಾಗಿ ಸ್ವಲ್ಪ ದಿನಕ್ಕ ಟ್ರೇನ್ ಎಲ್ಲಾ ಬಂದ್. ಅವರು ಕಲಬುರಗಿದಾಗ ಸಿಕ್ಕೊಂಡ್ರು, ನಾ ಬೀದರದಾಗ ಲ್ಯಾಬಿನ್ಯಾಗ, ಊರಿಗಿ ಹೋಗಂಗಿಲ್ಲ, ರೂಮ್ ಮಾಲಕರು ಸುದ್ದ ದವಾಖಾನಿದಾಗ ಕೆಲಸ ಮಾಡ್ತಾಳ ಅಂತ ದೂರ ನಿಂತು ಮಾತಾಡ್ತಿದ್ರು. ದಿನಾ ರಾತ್ರಿ ಒಂಬತ್ತಕ್ಕ ಅವರ ಫೋನ್ ಬರ್ತಿತ್ತು, "ಊಟ ಆಯ್ತೇನ್ರಿ" ಅಂತ, ಅಷ್ಟೇ ಮಾತು. ಒಂದಿನ ಮೈತುಂಬ ಹಾಕ್ಕೊಳ್ಳೋ ಆ ಕರೋನಾ ಕಿಟ್ ತೆಗೆದು ಬಂದು ಕೂತಿದ್ದೆ, ಅವ್ವನ ನೆನಪಾಗಿ ಫೋನಿನ್ಯಾಗೇ ಅತ್ತುಬಿಟ್ಟೆ. ಅವತ್ತ "ಅಳಬ್ಯಾಡ್ರಿ" ಅನ್ನಲಿಲ್ಲ ಅವರು, "ಅಳಬ್ಯಾಡ" ಅಂದ್ರು. ಆ "ರಿ" ಬಿಟ್ಟಿದ್ದು ಇಬ್ಬರಿಗೂ ಗೊತ್ತಾಯ್ತು, ಇಬ್ಬರೂ ಸುಮ್ನೆ ಇದ್ವಿ. ನನ್ನ ಕೇಳಿದ್ರ ನಮ್ಮ ಪ್ರೊಪೋಸ್ ಅದೇ, ಹೂವು ಉಂಗುರ ಯಾವುದೂ ಇದ್ದಿಲ್ಲ.

ಮನ್ಯಾಗ ಹೇಳಿದ್ದು 2022ರ ದಸರಾಕ್ಕ. ಇಬ್ಬರೂ ಲಿಂಗಾಯತರೇ, ಆದ್ರ ಒಳಪಂಗಡ ಬ್ಯಾರೆ, ದೊಡ್ಡಪ್ಪ ಅದನ್ನೇ ಹಿಡ್ಕೊಂಡು ಕೂತ್ರು. ಬಸವಣ್ಣನ ಹೆಸರು ಹೇಳೋ ಮನ್ಯಾಗ ಒಳಪಂಗಡ ಕೇಳೋದು ನನಗ ಅವತ್ತೂ ನುಂಗ್ಲಕ್ಕ ಆಗಲಿಲ್ಲ ಇವತ್ತೂ ಆಗಲ್ಲ. ಅಪ್ಪ ಹಾಂ ಅನ್ನಲಿಲ್ಲ ಹೂಂ ಅನ್ನಲಿಲ್ಲ, ತೊಗರಿ ರಾಶಿ ಆಗ್ಲಿ ನೋಡಮು ಅಂದ.

ಆ ವರ್ಷನೇ ತೊಗರಿಗಿ ನೆಟೆ ರೋಗ ಬಂತು. ಜಿಲ್ಲಾದಾಗ ಎಷ್ಟು ಮಂದಿ ಹೊಲ ಹೋದ್ವು ಅಂತ ಕಲಬುರಗಿ ಕಡೆಯವರಿಗಿ ಬ್ಯಾರೆ ಹೇಳೋದು ಬ್ಯಾಡ. ಮಣ್ಣಾಗಿನ ಬೂಷ್ಟು ಬೇರಿನಿಂದ ಒಳಗ ಹೊಕ್ಕು ನೀರು ಮ್ಯಾಲ ಏರದಂಗ ಮಾಡ್ತದ, ಕೆಳಗ ಹಸಿ ಇದ್ರೂ ಗಿಡ ನಿಂತಲ್ಲೇ ಒಣಗ್ತದ, ಅದೂ ಹೂವು ಕಾಯಿ ಹಿಡಿಯೋ ಹೊತ್ತಿನ್ಯಾಗ. ಅಪ್ಪ ಹೊಲಕ್ಕ ಹೋಗೋದೇ ಬಿಟ್ಟ. ಎಂಗೇಜ್ಮೆಂಟ್ ಸಲ್ಯಾಕ ಸಾಹುಕಾರನ ಹತ್ರ ಬಡ್ಡಿಗಿ ತರ್ತೀನಿ ಅಂತ ಅವ್ವನ ಮುಂದ ಅಂದಿದ್ದ, ಅವ್ವ ನನಗ ಹೇಳಿದ್ಳು, ನಾ ಅವರಿಗಿ ಹೇಳ್ದೆ, ಈಗ ಬರಬ್ಯಾಡ್ರಿ ಅಂತ ಸುದ್ದ ಹೇಳ್ದೆ.

ಆ ರವಿವಾರ ಒಂದು ನೋಟ್‌ಬುಕ್ ಹಿಡ್ಕೊಂಡು ಬಂದೇಬಿಟ್ರು. "ಕಾಕಾ, ಹೊಲ ತೋರಿಸ್ರಿ" ಅಂದ್ರು. ಅಪ್ಪ ಎದ್ದ. ಇಬ್ಬರೂ ಸಾಲು ಹಿಡ್ಕೊಂಡು ಹೊಂಟ್ರು, ಅಲ್ಲಲ್ಲಿ ನೂರು ನೂರು ಗಿಡ ಎಣಿಸಿ ಒಣಗಿದ್ದೆಷ್ಟು ಹಸಿರಿದ್ದದ್ದೆಷ್ಟು ಬರಕೋತ, ನಾ ಬದುವಿನ ಮ್ಯಾಲ ನಿಂತು ನೋಡ್ಲತ್ತಿದ್ದೆ. ನೂರಕ್ಕ ಎಪ್ಪತ್ತರ ಮ್ಯಾಲ ಹೋಗಿದ್ವು. ಕಣ್ಣೆತ್ತಿ ನೋಡ್ಲಕ್ಕ ಆಗದ ಹೊಲ ಅಪ್ಪ ಅವತ್ತ ಪೂರಾ ತಿರಗ್ಯಾಡಿ ನೋಡಿದ. ಇವರೇ ಅಂತ ಯಾವಾಗ ಗೊತ್ತಾಯ್ತು ಅಂತ ಕೇಳಿದ್ರಲ್ಲ, ನನಗ ಗೊತ್ತಾಗಿದ್ದು ಆಗ.

ಕೂತಮ್ಯಾಲ ಅಪ್ಪ ಕೇಳಿದ, "ನಿಮ್ಮ ಮನ್ಯಾಗ ಏನೇನ್ ಕೇಳ್ತಾರ?" ಅವರು ನೋಟ್‌ಬುಕ್ ಮುಚ್ಚಿ, "ಏನೂ ಇಲ್ಲ ಕಾಕಾ. ಮುಂದಿನ ಸಲ ಇಲ್ಲಿ ಜ್ವಾಳ ಹಾಕ್ರಿ, ತೊಗರಿ ಮ್ಯಾಲ ತೊಗರಿ ಹಾಕಿದ್ರ ರೋಗ ಮಣ್ಣಾಗೇ ಉಳೀತದ" ಅಂದ್ರು.

ಡಿಸೆಂಬರ್ 23ಕ್ಕ ಎಳ್ಳ ಅಮಾಸಿ ಇತ್ತು. ಬೆಳಿ ಹೋದ್ರೂ ಚರಗ ಚೆಲ್ಲೋದು, ಅಂದ್ರ ಹೊಲಕ್ಕ ಅಡಗಿ ಒಯ್ದು ಭೂಮಿತಾಯಿಗಿ ಎಡಿ ಚೆಲ್ಲೋದು, ಬಿಡ್ಲಕ್ಕ ಆಗಲ್ಲ, ಅಪ್ಪನೇ ಅವರ ಮನಿಯವರಿಗಿ ಫೋನ್ ಮಾಡಿ ಕರೆದ. ಅತ್ತಿ ಮಾವ ಬಂದು ಅದೇ ಒಣಗಿದ ಹೊಲದಾಗ ಕೂತು ಭಜ್ಜಿ, ಸಜ್ಜಿ ರೊಟ್ಟಿ ಉಂಡ್ರು. ದೊಡ್ಡಪ್ಪ ಒಳಪಂಗಡದ ಮಾತು ತೆಗೀಲಕ್ಕ ಹೋದ್ರ ಅಪ್ಪ, "ಅಣ್ಣಾ, ಸಾಕು" ಅಂದ. ನಮ್ಮಪ್ಪ ಅಣ್ಣಗ ಎದುರು ಮಾತಾಡಿದ್ದು ನಾ ಅಲ್ಲಿತನಕ ನೋಡಿದ್ದಿಲ್ಲ. ಅತ್ತಿ ಅವ್ವನ ಕೈ ಹಿಡ್ಕೊಂಡು, "ಉಡಿ ಸಾಮಾನ ಸೀರಿ ನಾವು ತರ್ತೀವಿ, ಮನಿ ಅಂಗಳದಾಗೇ ಮಾಡಮು" ಅಂದ್ರು.

ಪುಷ್ಯ ಮುಗಿದು ಮಾಘ ಬಂದಮ್ಯಾಲ ಮಾಡಿದ್ವಿ. ನಲವತ್ತು ಮಂದಿ ಇದ್ರು, ಅತ್ತಿ ಉಡಿ ತುಂಬಿದ್ರು, ಇವರು ಉಂಗುರ ಹಾಕಿದ್ರು, ಅವತ್ತಿನ ಫೋಟೋದಾಗ ಅವ್ವ ಒಂದರಾಗೂ ಕ್ಯಾಮರಾ ನೋಡಿಲ್ಲ, ನನ್ನೇ ನೋಡ್ಲತ್ತಾಳ. ಅಡಗಿಗಿ ಅಂತ ಅತ್ತಿ ಸೀರಿ ಉಡಿ ಸಾಮಾನಿನ ಜೋಡಿ ಐದು ಕಿಲೋ ತೊಗರಿಬ್ಯಾಳಿ ಸುದ್ದ ತಂದಿದ್ರು, ಯಾರಿಗೂ ಕಾಣದಂಗ ಸೀದಾ ಅಡಗಿಮನಿಗಿ ಒಯ್ದು ಇಟ್ಟಿದ್ರು. ನಮ್ಮ ಮನ್ಯಾಗ ಹೊರಗಿನ ಬ್ಯಾಳಿ ಕುದ್ದಿದ್ದು ಅದೇ ಮೊದಲ ಸಲ. ಅಪ್ಪಗ ಗೊತ್ತಿತ್ತು. ಪಂಕ್ತಿದಾಗ ಬೀಗರ ಬಾಜೂ ಕೂತು ಎರಡು ಸಲ ಸಾರು ಹಾಕಿಸ್ಕೊಂಡು ಉಂಡು, "ಬ್ಯಾಳಿ ಛಲೋ ಕುದ್ದದ" ಅಂದ.